ಹುಟ್ಟಿದ ತಾರೀಖು ಗೊತ್ತಿಲ್ಲದ ಸಿಸ್ಟರ್

ಈ ಸಲ ಜೂನ್ ಒಂದಕ್ಕೆ ನಮ್ಮ ಮನೆಯಲ್ಲಿ ಒಗ್ಗರಣಿ ಮಿರ್ಚಿ ಮಾಡಲಿಲ್ಲ. ಹೆಂಡತಿ ಮುಂಜಾನೆಯೇ ಕೇಳಿದಳು, ‘ಮಂಡಕ್ಕಿ ತರಸಲೇನ್ರಿ?’ ಎಂದು. ಬೇಡ ಅಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇಡ ಅಂದದ್ದು.

ಅಂದು ಸಿಸ್ಟರ್ ಹುಟ್ಟಿದ ದಿನ. ಅವರೊಬ್ಬರದೇ ಅಲ್ಲ, ನನ್ನದೂ ಅಂದೇ. ಮಾನ್ವಿ ಕಡೆಯ ನಮ್ಮ ಸರ್ಕಾರಿ ದವಾಖಾನೆಯಲ್ಲಿ ಕೆಲಸಕ್ಕಿದ್ದ ಹನ್ನೊಂದು ಮಂದಿಯಲ್ಲಿ ಆರು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು! ದೇವರು ಆ ದಿನ ನಮ್ಮ ಸೀಮೆಯ ಮೇಲೆ ವಿಶೇಷ ಕೃಪೆ ತೋರಿದ್ದನೆಂದು ತಿಳಿಯಬೇಡಿ. ಶಾಲೆಗೆ ಹೆಸರು ಹಚ್ಚುವಾಗ ನಮ್ಮ ಅಪ್ಪ ಅವ್ವಂದಿರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಹೆಡ್‌ಮಾಸ್ತರರಿಗೆ ಕೆದಕುವ ಪುರಸೊತ್ತು ಇರುತ್ತಿರಲಿಲ್ಲ. ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಎಲ್ಲರ ಹೆಸರಿನ ಮುಂದೆ ಬರೆದು ಮುಗಿಸುತ್ತಿದ್ದರು. ಹಾಗಾಗಿ ಆ ದಿನ ಆರು ಮಂದಿಯೂ ಸೇರಿ ಒಂದು ದೊಡ್ಡ ಬುಟ್ಟಿ ಒಗ್ಗರಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಡಾಕ್ಟರರನ್ನೂ ಕೂಡಿಸಿಕೊಂಡು ತಿನ್ನುತ್ತಿದ್ದೆವು. ಹಂಚುವ ಕೆಲಸ ಸಿಸ್ಟರದು.

‘ನಮ್ಮವ್ವ ಹೇಳ್ತಿದ್ಲು, ಮೊಹರಮ್ಮಿನ ಅಲಾಯಿ ಹಬ್ಬದ ಮರುದಿನ ನೀ ಹುಟ್ಟಿದಿ, ಬೆಂಕಿ ಕುಣಿ ಮುಚ್ಚಾಕತ್ತಿದ್ರು ಅಂತ,’ ಎನ್ನುತ್ತಿದ್ದರು ಅವರು, ಮಿರ್ಚಿ ಹಂಚುತ್ತಾ. ‘ಯಾವ ವರ್ಷದ ಅಲಾಯಿ ಬೇ ಅಂದ್ರ, ಆ ವರ್ಷ ಸಜ್ಜಿ ಭಾಳ ಚಲೋ ಬಂದಿತ್ತು ಅಂತಿದ್ಲು. ಆ ಸಜ್ಜಿ ಹಿಡಕೊಂಡು ನಾ ಯಾವ ಆಫೀಸಿಗೆ ಹೋಗ್ಲಿ?’

ಅವರು ದೇವದುರ್ಗದ ಕಡೆಯವರು. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳು, ಓದು ಬರಹ ಬಾರದಿದ್ದರೂ ಯೇಸುಸ್ವಾಮಿಯನ್ನು ಗಟ್ಟಿಯಾಗಿ ಹಿಡಿದುಕೊಂಡವಳು. ಭಾನುವಾರ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೂರು ಹರದಾರಿ ನಡೆದು ಸಭೆಗೆ ಹೋಗುತ್ತಿದ್ದಳಂತೆ. ಆ ಮಗಳು ನರ್ಸ್ ಆದಳು. ನಾನು ಹೇಳುತ್ತಿರುವುದು ಆ ಮಗಳ ಕಥೆ. ಹಳ್ಳಿಯವರು ಅವರನ್ನು ನರ್ಸಮ್ಮ ಎನ್ನುತ್ತಿದ್ದರು, ನಾವು ಸಿಸ್ಟರ್ ಎನ್ನುತ್ತಿದ್ದೆವು. ಆ ಹೆಸರೇ ಇರಲಿ.

ನಾನು ಅಲ್ಲಿ ಔಷಧಿ ಕೊಡುವ ಕಿಟಕಿಯಲ್ಲಿ ಕೂರುವವ. ಸರ್ಕಾರ ನನಗೆ ಫಾರ್ಮಸಿಸ್ಟ್ ಎಂಬ ಹುದ್ದೆ ಕೊಟ್ಟಿದ್ದರೂ ಊರು ಒಪ್ಪಲಿಲ್ಲ, ಕಂಪೌಂಡರ್ ಎಂದೇ ಕರೆಯಿತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆರಿಗೆ ಕೋಣೆಯಿಂದ ಒಂದು ಕೂಗು ಕೇಳಿ ಕೈಯಲ್ಲಿದ್ದ ಶೀಶೆ ಬೀಳುವುದರಲ್ಲಿತ್ತು.

‘ಹನ್ನೊಂದೂ ಹತ್ತು! ಹೆಣ್ಣು! ಬರಕೋ!’

ಸಂತೆಯಲ್ಲಿ ಈರುಳ್ಳಿ ಮಾರುವವರೂ ಹಾಗೆ ಕೂಗಲಾರರು. ಹೊರಗೆ ಕುಳಿತ ಆಯಾ ಗೋಡೆಗೆ ತೂಗುಹಾಕಿದ್ದ ಪಾಟಿಯ ಮೇಲೆ ಬಳಪದಿಂದ ಬರೆದುಕೊಂಡಳು. ಕೂಸಿನ ಅಳುವಿಗಿಂತ ಮುಂಚೆ ಅದರ ವೇಳೆ ಹೊರಗೆ ಬರುತ್ತಿತ್ತು, ಅದು ಸಿಸ್ಟರ ಪದ್ಧತಿ. ಆಮೇಲೆ ಕೈ ತೊಳೆದುಕೊಂಡು ಬಂದು ಒಂದು ಚೀಟಿ ಬರೆಯುತ್ತಿದ್ದರು. ಹುಟ್ಟಿದ ತಾರೀಖು, ವಾರ, ವೇಳೆ, ತೂಕ. ಕಡೆಗೆ ಪ್ರತಿ ಚೀಟಿಯಲ್ಲೂ ಒಂದೇ ಸಾಲು: ‘ತಾಯಿ, ಕೂಸು ಕ್ಷೇಮ.’ ಆ ಚೀಟಿ ಬಾಣಂತಿಯ ಕೈಗೆ ಕೊಡದೆ ಒಬ್ಬರನ್ನೂ ಮನೆಗೆ ಕಳಿಸಿದವರಲ್ಲ. ರಿಜಿಸ್ಟರಿನಲ್ಲಿ ಹೇಗೂ ಬರೆಯುತ್ತೀರಲ್ಲ, ಈ ಚೀಟಿ ಯಾಕೆ ಎಂದು ಡಾಕ್ಟರೊಬ್ಬರು ಗೊಣಗಿದರೆ, ‘ರಿಜಿಸ್ಟರ್ ನಿಮ್ಮ ಕಪಾಟಿನಾಗ ಇರ್ತದ್ರಿ, ಕೂಸು ಅವರ ಮನ್ಯಾಗ ಇರ್ತದ,’ ಅಂದರು.

‘ಅಷ್ಟು ಜೋರಾಗಿ ಯಾಕ ಕೂಗ್ತೀರಿ ಸಿಸ್ಟರ್?’ ಎಂದು ನಾನೊಮ್ಮೆ ಕೇಳಿದ್ದೆ.

‘ಬರಕೊಳ್ಳೋರಿಗೆ ಕೇಳಬೇಕಲ್ಲೋ ತಮ್ಮಾ!’

ಆ ಚೀಟಿಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದೇವರ ಪಟದ ಹಿಂದೆ, ಅಕ್ಕಿ ಡಬ್ಬಿಯ ತಳದಲ್ಲಿ, ತಾಯಿತದಂತೆ ಮಡಚಿ ತೊಟ್ಟಿಲ ಹಗ್ಗಕ್ಕೆ ಕಟ್ಟಿದ್ದು. ಅವರು ತಿರುಗಾಡುವ ಹಳ್ಳಿಗಳಲ್ಲಿ ಬರಬರುತ್ತಾ ಜೂನ್ ಒಂದರ ಮಕ್ಕಳೇ ಇಲ್ಲವಾದರು. ಸಾಲಿ ಮಾಸ್ತರರು ಬಂದು, ‘ಏನ್ ಸಿಸ್ಟರ್, ನಮ್ಮ ಕೆಲಸ ಹೆಚ್ಚು ಮಾಡಿದ್ರಿ, ಒಬ್ಬೊಬ್ಬಂದು ಒಂದೊಂದು ತಾರೀಖು ಬರೀಬೇಕಾಗೇದ,’ ಎಂದು ನಗೆಯಾಡುತ್ತಿದ್ದರು.

ಇಂಥ ಹೆಂಗಸಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು. ಹೇಳಲಿಕ್ಕೆ ಮನಸ್ಸಿಲ್ಲ, ಆದರೆ ಅದನ್ನು ಬಿಟ್ಟರೆ ಅವರ ಚಿತ್ರ ಬರೆದಂತಾಗುವುದಿಲ್ಲ.

ನನಗಾಗ ಇಪ್ಪತ್ತನಾಲ್ಕು. ನಮ್ಮದೂ ಕ್ರೈಸ್ತ ಮನೆತನವೇ, ಆದರೆ ನಾನು ಬರೀ ಕ್ರಿಸ್‌ಮಸ್ಸಿಗೆ ಹೊಸ ಅಂಗಿ ತೊಡುವ ಕ್ರೈಸ್ತ. ಕೆಲಸ ಸಿಗುವ ಮುಂಚಿನ ವರ್ಷ ರಾಯಚೂರಿನಲ್ಲಿ ಯುವಕರ ಮೂರು ದಿನದ ಕೂಟ ನಡೆಯಿತು. ಕಡೆಯ ಸಂಜೆ ಬೋಧಕರು ಕರೆದಾಗ ಎದ್ದು ಮುಂದೆ ಹೋದೆ, ಮೊಣಕಾಲೂರಿ ಅತ್ತೆ. ಎದೆಯಲ್ಲಿ ಬಿಸಿ ಬಿಸಿಯಾಗಿ ಏನೋ ಹರಿದಂತಾಯಿತು. ಅದು ಖರೆ, ಇವತ್ತಿಗೂ ಸುಳ್ಳೆನ್ನಲಾರೆ. ನಮ್ಮಲ್ಲಿ ಒಂದು ರೂಢಿ ಇದೆ. ಹೊಸದಾಗಿ ಹುಟ್ಟಿದ ದಿನ ಎಂದು, ಅಂದರೆ ಯೇಸುವನ್ನು ರಕ್ಷಕನೆಂದು ಒಪ್ಪಿಕೊಂಡ ದಿನ ಎಂದು, ಆ ತಾರೀಖನ್ನು ಸತ್ಯವೇದದ ಮೊದಲ ಖಾಲಿ ಹಾಳೆಯಲ್ಲಿ ಬರೆದಿಡುತ್ತೇವೆ. ನಾನು ಕೆಂಪು ಶಾಯಿಯಲ್ಲಿ ಬರೆದೆ. ತಾರೀಖು, ವಾರ, ಸಂಜೆಯ ಗಂಟೆ ನಿಮಿಷ ಸಮೇತ. ಜೂನ್ ಒಂದರ ಸುಳ್ಳು ತಾರೀಖಿನವನಿಗೆ ಕೊನೆಗೂ ಒಂದು ನಿಜವಾದ ತಾರೀಖು ಸಿಕ್ಕಿತ್ತು. ಅದನ್ನು ಕಂಡಕಂಡವರಿಗೆಲ್ಲ ತೋರಿಸುತ್ತಾ ತಿರುಗಿದೆ. ಎದುರು ಸಿಕ್ಕವರನ್ನೆಲ್ಲ, ‘ನಿಮ್ಮ ತಾರೀಖು ಯಾವುದು?’ ಎಂದು ಕೇಳುವ ಚಟ ಅಂಟಿಕೊಂಡಿತು.

ಗುರುವಾರ ಸಂಜೆ ಸಿಸ್ಟರ ಕ್ವಾರ್ಟರ್ಸಿನಲ್ಲಿ ಸಣ್ಣ ಪ್ರಾರ್ಥನೆ ಕೂಟ. ಏಳೆಂಟು ಮಂದಿ, ಒಂದು ಚಾಪೆ, ಕಡೆಗೆ ಬೆಲ್ಲದ ಚಹಾ. ಗಂಡನನ್ನು ಬೇಗ ಕಳೆದುಕೊಂಡು ಒಬ್ಬಳೇ ಮಗಳನ್ನು ಓದಿಸುತ್ತಿದ್ದ ಸಿಸ್ಟರ್ ಹಾಡುತ್ತಿದ್ದುದನ್ನು ನೀವು ಕೇಳಬೇಕಿತ್ತು. ಹೆರಿಗೆ ಕೋಣೆಯ ಅದೇ ದನಿ, ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ, ಸಂಕೋಚವಂತೂ ಮೊದಲೇ ಇರಲಿಲ್ಲ. ನಾನು ಸೇರಿದ ಎರಡನೆಯ ತಿಂಗಳೋ ಏನೋ, ನನ್ನ ಸಾಕ್ಷಿ, ಅಂದರೆ ರಾಯಚೂರಿನ ಆ ಸಂಜೆಯ ಅನುಭವ, ಹೇಳಿ ಮುಗಿಸಿ, ಎಲ್ಲರ ಎದುರಿಗೆ ಅವರ ಕಡೆ ತಿರುಗಿದೆ.

‘ಸಿಸ್ಟರ್, ನೀವು ರಕ್ಷಣೆ ಹೊಂದಿದ ತಾರೀಖು ಯಾವುದ್ರಿ?’

ಅವರು ನಕ್ಕರು. ‘ನಾ ಸಣ್ಣಾಕಿದ್ದಾಗಿಂದ ನಂಬೀನಿ ತಮ್ಮಾ. ನಮ್ಮವ್ವನ ತೊಡಿ ಮ್ಯಾಗ ಕುಂತು ಪ್ರಾರ್ಥನಿ ಮಾಡೀನಿ. ನಂಬದ ದಿನಾನ ನೆನಪಿಲ್ಲ ನನಗ.’

‘ಅದು ನಿಮ್ಮವ್ವನ ನಂಬಿಕಿ. ನಿಮ್ಮದು ಯಾವಾಗ ಶುರುವಾತು? ಒಂದು ದಿನ ಇರಬೇಕಲ್ರಿ!’

‘ಒಂದು ದಿನ ಅಂತ...’ ಅವರು ಯೋಚಿಸಿದರು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ನನ್ನ ಜಾಣತನ ನೋಡಿ, ಅವರ ಕಸುಬಿನಿಂದಲೇ ಬಾಣ ತೆಗೆದು ಹೂಡಿದೆ.

‘ನೀವ ಹೇಳ್ರಿ ಸಿಸ್ಟರ್, ತಾರೀಖಿಲ್ಲದ ಹೆರಿಗಿ ನಿಮ್ಮ ರಿಜಿಸ್ಟರಿನಾಗ ಒಂದರೆ ಅದ ಏನು? ಇಲ್ಲಲ್ಲ? ತಾರೀಖಿಲ್ಲಂದ್ರ ಹುಟ್ಟೇ ಇಲ್ಲಂತ ಅರ್ಥ.’

ಅವರು ಎದ್ದು ಚಹಾಕ್ಕೆ ನೀರಿಟ್ಟರು. ಮರುದಿನ ಔಷಧಿ ಕಿಟಕಿಗೆ ಬಂದು, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಕೇಳಿದರು: ‘ಕಂಪೌಂಡರ್, ನಿನಗ ಹೆಂಗ ಗೊತ್ತಾತು ಅವತ್ತು?’ ನಾನು ಎದೆಯ ಬಿಸಿಯನ್ನು ಸಾಕಷ್ಟು ಬಣ್ಣ ಹಚ್ಚಿ ಹೇಳಿದೆ. ಪೂರಾ ಕೇಳಿಸಿಕೊಂಡು, ‘ನನಗ ಹಂಗ ಎಂದೂ ಆಗಿಲ್ಲಲ್ಲೋ,’ ಅಂದರು. ನನಗಿಂತ ಹದಿನಾರು ವರ್ಷ ದೊಡ್ಡವರು. ಆ ಮಾತು ಹೇಳುವಾಗ ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯ ಮುಖ ಅವರದು. ನನಗೆ ಅದು ಕಾಣಲೂ ಇಲ್ಲ.

ಅಂದಿನಿಂದ ಶುರುವಾಯಿತು ಅವರ ತಾರೀಖಿನ ಹುಡುಕಾಟ. ಮೊದಲು ಮಾನ್ವಿಯ ಉಜ್ಜೀವನ ಕೂಟ. ಬೋಧಕರು, ‘ಎಲ್ಲರೂ ಕಣ್ಣು ಮುಚ್ಚಿರಿ, ಯಾರೂ ಯಾರನ್ನೂ ನೋಡಬೇಡಿರಿ, ಇಂದು ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿರಿ,’ ಎಂದರು. ನಾನು ಕಣ್ಣು ಮುಚ್ಚುವ ಜಾತಿಯವನೇ? ಸಂದಿಯಿಂದ ನೋಡಿದೆ. ಹೆಂಗಸರ ಸಾಲಿನಲ್ಲಿ ಸಿಸ್ಟರ ಕೈ ಮೇಲಿತ್ತು. ನನ್ನ ಹೆಮ್ಮೆಗೆ ಪಾರವಿಲ್ಲ. ಒಂದು ಆತ್ಮವನ್ನು ಗೆದ್ದೆ ಎಂದುಕೊಂಡೆ! ಅವರು ತಮ್ಮ ಸತ್ಯವೇದದ ಮೊದಲ ಹಾಳೆಯಲ್ಲಿ ಆ ದಿನದ ತಾರೀಖು ಬರೆದುಕೊಂಡು ನನಗೆ ತೋರಿಸಿದರು.

‘ಪೆನ್ಸಿಲಿಲೆ ಯಾಕ ಬರದ್ರಿ ಸಿಸ್ಟರ್?’

‘ಇರಲಿ ಬಿಡು. ಪಕ್ಕಾ ಆದ ಮ್ಯಾಲ ಪೆನ್ನಿಲೆ ಬರೀತೀನಿ.’

ಪಕ್ಕಾ ಆಗಲಿಲ್ಲ. ಒಂದು ವಾರಕ್ಕೆ ಮತ್ತೆ ಅನುಮಾನ. ಅಳು ಬರಲಿಲ್ಲವಲ್ಲ, ಬಿಸಿ ಆಗಲಿಲ್ಲವಲ್ಲ, ಕೈ ಪೂರ್ತಿ ಎತ್ತಿದೆನೋ ಅರ್ಧ ಎತ್ತಿದೆನೋ. ರಬ್ಬರಿನಿಂದ ಅಳಿಸಿದರು. ಮುಂದಿನ ಸಲ ದೇವದುರ್ಗದಲ್ಲಿ ಕೈ ಎತ್ತಿದರು, ಆಮೇಲೆ ಶಕ್ತಿನಗರದಲ್ಲಿ, ರಾಯಚೂರಿನಲ್ಲಿ. ಕೂಟ ಎಲ್ಲೇ ಇರಲಿ, ರಜೆ ಹಾಕಿ, ಎರಡು ಬಸ್ಸು ಬದಲಿಸಿ ಹೋಗುವರು. ಬಿಳಿ ಸೀರೆ, ಕಂಕುಳಲ್ಲಿ ಚೀಲ, ಕಣ್ಣು ಮುಚ್ಚಿಕೊಂಡು ಕೈ ಎತ್ತುವರು. ಪೆನ್ಸಿಲಿನಲ್ಲಿ ಬರೆಯುವರು, ಅಳಿಸುವರು. ನಮ್ಮ ಮಂದಿಯಲ್ಲಿ ಈ ಕೈ ಎತ್ತುವ ಕಾಯಿಲೆ ಹಲವರಿಗಿದೆ. ಎತ್ತಿದ ಕೈ ಎಣಿಸಿ ಸಂತೋಷಪಡುವ ಬೋಧಕರಿಗೆ ಅದು ಗೊತ್ತಾಗುವುದಿಲ್ಲ, ಊರೂರಿಗೆ ಬೋಧಕರು ಬೇರೆ ಬೇರೆ.

ಒಬ್ಬರಿಗೆ ಮಾತ್ರ ಗೊತ್ತಾಯಿತು, ಮಾನ್ವಿಯ ನಮ್ಮ ಪಾಸ್ಟರರಿಗೆ. ಕಾಲುವೆಯಲ್ಲಿ ದೀಕ್ಷಾಸ್ನಾನದ ದಿನ. ಸಾಲಿನಲ್ಲಿ ಸಿಸ್ಟರೂ ನಿಂತಿದ್ದರು, ಚೀಲದಲ್ಲಿ ಟವಲ್ಲು, ಇನ್ನೊಂದು ಸೀರೆ. ಸೊಂಟಮಟ ನೀರಿನಲ್ಲಿ ನಿಂತಿದ್ದ ಪಾಸ್ಟರ್ ಅವರನ್ನು ನೋಡಿ ಕಣ್ಣುಜ್ಜಿಕೊಂಡರು.

‘ಸಿಸ್ಟರ್, ನಿಮಗ ಹೋದ ವರ್ಷ ಇದೇ ನೀರಾಗ ಕೊಟ್ಟೀನಲ್ರಿ! ಅದಕ್ಕೂ ಮುಂಚೆ ಒಮ್ಮೆ ಆಗೇದಂತ!’

‘ಹೋದ ವರ್ಷದ್ದು ಖರೆ ಆಗಿಲ್ಲೇನೋ ಅನಸ್ತದ್ರಿ ಪಾಸ್ಟರ್.’

ದಂಡೆಯ ಮೇಲಿದ್ದವರು ಕಿಸಕ್ಕನೆ ನಕ್ಕರು. ಪಾಸ್ಟರ್ ನಗಲಿಲ್ಲ. ‘ಕಾಲುವಿ ತುಂಬ ನೀರದ ತಾಯಿ, ಆದ್ರ ನಾ ಇನ್ನೊಮ್ಮೆ ಮುಳುಗಸಾಂಗಿಲ್ಲ. ಮನಿಗೆ ಹೋಗ್ರಿ,’ ಅಂದರು. ಸಿಸ್ಟರ್ ತೋಯದ ಸೀರೆಯಲ್ಲೇ ದಂಡೆ ಹತ್ತಿ ಬಂದರು. ಟವಲ್ಲನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದರು. ನಾನು ಅಲ್ಲೇ ಒಂದು ಜಾಲಿ ಗಿಡದ ಹತ್ತಿರ ನಿಂತಿದ್ದೆ. ಆ ದಿನ ನನಗೆ ಮೊದಲ ಸಲ ನಾಚಿಕೆಯಾಯಿತು. ತೊಡೆಯ ಮೇಲೆ ಕುಳಿತು ನಂಬಿದ ಮಗುವನ್ನು ಕೆಳಗಿಳಿಸಿ ಬೀದಿ ಬೀದಿ ಅಲೆಸಿದವ ನಾನು.

ಅಷ್ಟೊತ್ತಿಗೆ ನನ್ನ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಕೆಂಪು ಶಾಯಿ ಹಾಗೇ ಇತ್ತು, ಎದೆಯ ಬಿಸಿ ಮಾತ್ರ ಯಾವಾಗಲೋ ಆರಿತ್ತು. ಮದುವೆ, ಮಕ್ಕಳು, ವರ್ಗಾವಣೆಯ ಓಡಾಟ. ಪ್ರಾರ್ಥನೆಗೆ ಕುಳಿತರೆ ಆಕಳಿಕೆ. ತಾರೀಖಿದ್ದವನ ಕಥೆ ಹೀಗೆ, ಇಲ್ಲದವರ ಕಥೆ ಹಾಗೆ. ಒಮ್ಮೆ ಧೈರ್ಯ ಮಾಡಿ ಅಂದೆ: ‘ಸಿಸ್ಟರ್, ನಾ ಅವತ್ತು ಹುಡುಗಬುದ್ಧಿಲೆ ಹೇಳಿದ್ದು. ಬಿಟ್ಟುಬಿಡ್ರಿ.’

‘ನೀ ಹೇಳಿದ್ದು ತಪ್ಪಂತ ಹೆಂಗಂತಿ? ರಿಜಿಸ್ಟರಿನ ಮಾತು ಖರೇನ ಅದ,’ ಅಂದರು.

ಒಂದು ಮಧ್ಯಾಹ್ನ ಕಷ್ಟದ ಹೆರಿಗೆಯೊಂದನ್ನು ಜೀಪಿನಲ್ಲಿ ರಾಯಚೂರಿಗೆ ಒಯ್ದು ಬಂದರು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಜೀಪಿಳಿದು ನನ್ನ ಕಿಟಕಿಯ ಮುಂದಿನ ಬೆಂಚಿನ ಮೇಲೆ ಕುಳಿತವರು ನೀರು ಕೇಳಲಿಲ್ಲ, ಚಹಾ ಕೇಳಲಿಲ್ಲ.

‘ಕಂಪೌಂಡರ್, ತಿರುವಿನಾಗ ಜೀಪು ಪಲ್ಟಿ ಆಗೋದು ಸ್ವಲ್ಪದಾಗ ತಪ್ತು.’

‘ದೇವರು ದೊಡ್ಡವ ಸಿಸ್ಟರ್.’

‘ಹೌದು. ಆದ್ರ ಪಲ್ಟಿ ಆಗಿದ್ರ ನಾ ಎಲ್ಲಿಗೆ ಹೋಗ್ತಿದ್ದೆ? ನನಗ ಗೊತ್ತಿಲ್ಲೋ. ಊರಮಂದಿ ಕೂಸು ಎಲ್ಲ ಎತ್ತಿ ಕೊಟ್ಟೀನಿ, ನನ್ನ ಕೈ ಹಿಡಿಯಾವ ಅದಾನೋ ಇಲ್ಲೋ ನನಗ ಗೊತ್ತಿಲ್ಲ.’

‘ಚಹಾ ತರಸಲೇನ್ರಿ?’ ಎಂದೆ. ಇಂಥ ಹೊತ್ತಿಗೆ ನನ್ನಂಥವರ ಬಾಯಿಂದ ಚಹಾ ಬಿಟ್ಟರೆ ಬೇರೇನೂ ಬರುವುದಿಲ್ಲ. ಗುರುವಾರದ ಕೂಟದಲ್ಲಿ ಅವರು ಹಾಡುವುದನ್ನು ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ಬರೀ ತುಟಿ ಆಡಿಸುತ್ತಿದ್ದರು. ಆ ಗಂಟಲು ಹೆರಿಗೆ ಕೋಣೆಯಲ್ಲಿ ಮಾತ್ರ ತೆರೆಯುತ್ತಿತ್ತು.

ಹೀಗೆ ಒಂಬತ್ತು ವರ್ಷ ಹೋದವು. ಒಂದು ಸೋಮವಾರ ಮುಂಜಾನೆ ವೃದ್ಧಾಪ್ಯ ವೇತನಕ್ಕೆ ಡಾಕ್ಟರರಿಂದ ವಯಸ್ಸಿನ ಸರ್ಟಿಫಿಕೇಟು ಬೇಕೆಂದು ಮುದುಕ ಮುದುಕಿಯರ ಸಾಲು. ಅರ್ಜಿ ತುಂಬುವ ಕೆಲಸ ನನ್ನ ತಲೆಗೆ ಬಂದಿತ್ತು. ಪಕ್ಕದ ಮೇಜಿನಲ್ಲಿ ಸಿಸ್ಟರ್ ಇಂಜೆಕ್ಷನ್ ಟ್ರೇ ಒರೆಸುತ್ತಿದ್ದರು. ಕವಿತಾಳದ ಆಚೆಯ ಹಳ್ಳಿಯಿಂದ ಬಂದ ಒಬ್ಬ ಮುದುಕಿ ಕೋಲೂರಿಕೊಂಡು ನನ್ನ ಮುಂದೆ ನಿಂತಳು.

‘ಹುಟ್ಟಿದ ತಾರೀಖು?’

‘ಗೊತ್ತಿಲ್ಲೋ ಯಪ್ಪಾ.’

‘ವರ್ಷರೆ ಹೇಳು.’

‘ನಮ್ಮವ್ವಗ ಗೊತ್ತಿತ್ತು. ಆಕಿ ಹೋಗಿಬಿಟ್ಲು.’

ಬೆಳಗಿನಿಂದ ಇದೇ ಉತ್ತರ ಕೇಳಿ ನನಗೆ ರೇಗಿತ್ತು. ‘ತಾರೀಖೂ ಇಲ್ಲ, ವರ್ಷಾನೂ ಇಲ್ಲ. ನಾ ಏನಂತ ಬರೀಲಿ ಬೇ?’

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. ‘ಏನಂತ ಬರೀತಿ? ಹುಟ್ಟೇ ಇಲ್ಲಂತ ಬರೀತೀ ಏನು? ಮುಂಜಾನೆದ್ದು ರೊಟ್ಟಿ ತಿಂದು ಬಸ್ಸು ಹತ್ತಿ ಬಂದೀನಿ, ನಿನ್ನ ಮುಂದ ನಿಂತೀನಿ, ನಿನ್ನ ಬೈಯಾಕತ್ತೀನಿ. ಹುಟ್ಟದಾಕಿ ಹಿಂಗ ಬೈತಾಳೇನು? ವ್ಯಾಳ್ಯಾ ಹಡದಾಕಿ ನೆನಪಿಡಬೇಕೋ, ಹುಟ್ಟಿದಾಕಿ ನೆನಪಿಡಬೇಕೋ? ಅಷ್ಟೂ ತಿಳಿಯಂಗಿಲ್ಲ, ದವಾಖಾನ್ಯಾಗ ಕುಂತಾನ!’

ಸಾಲಿಗೆ ಸಾಲೇ ನಕ್ಕಿತು. ಒಳಗಿಂದ ಡಾಕ್ಟರೂ ನಕ್ಕರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸಿಸ್ಟರ ಕೈಯಲ್ಲಿದ್ದ ಟ್ರೇ ಮಾತ್ರ ಹಾಗೇ ನಿಂತಿತ್ತು. ಒಂದು ಗಳಿಗೆ ಮುದುಕಿಯನ್ನೇ ನೋಡಿದರು. ಆಮೇಲೆ ಟ್ರೇ ಇಟ್ಟು ನಗತೊಡಗಿದರು. ನಕ್ಕರು, ನಕ್ಕರು, ಬೆಂಚಿನ ಮೇಲೆ ಕುಸಿದು ಕುಳಿತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು. ನನ್ನ ಫಜೀತಿ ನೋಡಿಯೇ ಇಷ್ಟು ನಗುತ್ತಿದ್ದಾರೆಂದು ನನಗೆ ಸಿಟ್ಟೂ ಬಂತು. ಕಡೆಗೆ ಎದ್ದು, ಮುದುಕಿಯ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಆಯಾಗೆ ಚಹಾ ತರಲು ಹೇಳಿದರು. ನನ್ನ ಕಡೆ ತಿರುಗಿ, ‘ಜೂನ್ ಒಂದು ಹಾಕು ಕಂಪೌಂಡರ್. ವರ್ಷ ಡಾಕ್ಟರು ಹೇಳ್ತಾರ. ಆಕಿ ಹುಟ್ಟಿದ್ದಕ್ಕ ನಾ ಸಾಕ್ಷಿ,’ ಅಂದರು.

ಆಮೇಲೆ ಅವರು ಕೈ ಎತ್ತಲಿಲ್ಲ. ಮುಂದಿನ ಕೂಟ ಮಾನ್ವಿಯಲ್ಲೇ ನಡೆಯಿತು. ಬೋಧಕರು ಕರೆದರು, ನಾನು ಕಣ್ಣಿನ ಸಂದಿಯಿಂದ ನೋಡಿದೆ. ಸಿಸ್ಟರ್ ಹಿಂದಿನ ಸಾಲಿನಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ತಟ್ಟುತ್ತಾ ಕುಳಿತಿದ್ದರು. ಅದರ ಮುಂದಿನ ವರ್ಷವೂ ಅಷ್ಟೇ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವರಿಗೆ ನಿಶ್ಚಯ ಸಿಕ್ಕಿತೋ, ಅಥವಾ ಬೇಸತ್ತು ಆಸೆ ಬಿಟ್ಟರೋ? ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಒಮ್ಮೆ ಕೇಳಿ ಕೆಡಿಸಿದ್ದೆ, ಎರಡನೆಯ ಸಲ ಕೇಳುವ ಧೈರ್ಯ ಬರಲಿಲ್ಲ. ಹಾಡು ಮಾತ್ರ ತಿರುಗಿ ಬಂದಿತ್ತು, ಅದೂ ಮೊದಲಿನಂತೆ ಶ್ರುತಿ ತಪ್ಪಿಯೇ. ಆದರೆ ಹಾಡುವವರೆಲ್ಲ ನಿಶ್ಚಿಂತರಲ್ಲವಲ್ಲ, ನಾನೂ ಹಾಡುತ್ತಿದ್ದೆ.

ಜೂನ್ ಒಂದಕ್ಕೆ ಹುಟ್ಟಿದ ಸರ್ಕಾರಿ ನೌಕರರು ಮೇ ಮೂವತ್ತೊಂದಕ್ಕೆ ನಿವೃತ್ತರಾಗುತ್ತಾರೆ. ಅವರನ್ನು ಬೀಳ್ಕೊಡುವ ದಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಂದಿದ್ದರು. ಒಬ್ಬ ಹುಡುಗಿ ತನ್ನ ಕೂಸನ್ನು ಎತ್ತಿಕೊಂಡು, ತನ್ನ ಚೀಟಿ ಮತ್ತು ಕೂಸಿನ ಚೀಟಿ ಎರಡನ್ನೂ ಹಿಡಿದು ತಂದಿದ್ದಳು. ಎರಡೂ ಒಂದೇ ಕೈಬರಹ, ಎರಡರ ಕೊನೆಗೂ ‘ತಾಯಿ, ಕೂಸು ಕ್ಷೇಮ.’ ಭಾಷಣ ಮಾಡಿರೆಂದರೆ ಸಿಸ್ಟರ್ ಎದ್ದು ನಿಂತು, ‘ನಾಳಿಗೆ ನನ್ನ ಹುಟ್ಟಿದ ಹಬ್ಬ ಅದ, ಎಲ್ಲಾರೂ ಮಿರ್ಚಿ ತಿಂದು ಹೋಗ್ರಿ,’ ಎಂದು ಕುಳಿತುಬಿಟ್ಟರು.

ಆಮೇಲೆ ರಾಯಚೂರಿನಲ್ಲಿ ಮಗಳ ಮನೆ ಸೇರಿದರು. ನನಗೂ ಅಲ್ಲಿಗೇ ವರ್ಗವಾಯಿತು. ಪ್ರತಿ ಜೂನ್ ಒಂದಕ್ಕೆ ನಮ್ಮ ಮನೆಗೆ ಬಂದು ಒಗ್ಗರಣಿ ಮಿರ್ಚಿ ತಿಂದು, ಮಿರ್ಚಿಗೆ ಖಾರ ಸಾಲದೆಂದು ನನ್ನ ಹೆಂಡತಿಯ ಹತ್ತಿರ ಜಗಳವಾಡಿ ಹೋಗುತ್ತಿದ್ದರು.

ಈ ವರ್ಷ ಈಸ್ಟರ್ ಮುಗಿದ ವಾರದಲ್ಲಿ ಅವರ ಮಗಳು ಫೋನ್ ಮಾಡಿದಳು. ದವಾಖಾನೆಗೆ ಹೋದೆ. ಮಂಚದಲ್ಲಿ ಸಣ್ಣಗಾಗಿ ಮಲಗಿದ್ದರು. ಗೋಡೆಯ ಗಡಿಯಾರ ಅವರಿಗೆ ಕಾಣುವಂತಿರಲಿಲ್ಲ, ಗಳಿಗೆಗೊಮ್ಮೆ ವೇಳೆ ಎಷ್ಟೆಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಮಗಳು ಔಷಧಿ ತರಲು ಹೋದಳು. ಈಗಲಾದರೂ ಕ್ಷಮೆ ಕೇಳಬೇಕು, ಈಗಲಾದರೂ ತಿಳಿದುಕೊಳ್ಳಬೇಕು ಎಂದು ಗಂಟಲು ಸರಿಮಾಡಿಕೊಂಡೆ.

‘ಏನೋ ಕೇಳಾಕ ಬಂದಿ ನೀ,’ ಅಂದರು, ಕಣ್ಣು ತೆರೆಯದೆ.

‘ಏನಿಲ್ರಿ ಸಿಸ್ಟರ್.’

‘ಸುಳ್ಳು ಹೇಳಬ್ಯಾಡ. ಕೇಳೋದಿದ್ರ ಕೇಳು.’

ಕೇಳಲಿಲ್ಲ. ಹೇಡಿ ನಾನು. ‘ಚಹಾ ಕುಡೀತೀರೇನ್ರಿ ಅಂತ...’ ಎಂದೆ. ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು. ‘ಇಪ್ಪತ್ತಾರು ವರ್ಷ ಆತು, ಇನ್ನೂ ಬರೀ ಚಹಾ ಕೇಳ್ತಾನಿವ,’ ಎಂದು ನನ್ನ ಕೈ ಹಿಡಿದುಕೊಂಡರು. ಎಷ್ಟೋ ಕೂಸುಗಳನ್ನು ಹಿಡಿದ ಕೈ, ಬಿಸಿಯಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಹೋದರು.

ಮಣ್ಣು ಮಾಡಿ ಬಂದ ಮೇಲೆ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಹೆಂಡತಿ, ‘ಅವರು ಚಲೋ ಜಾಗಕ್ಕ ಹೋಗ್ಯಾರ, ನೀವ್ಯಾಕ ಹಿಂಗ ಕುಂತೀರಿ?’ ಅಂದಳು. ಅವರು ಹೋದದ್ದು ಒಳ್ಳೆಯ ಜಾಗಕ್ಕೇ, ನನಗೆ ಅದರಲ್ಲಿ ಎಳ್ಳಷ್ಟು ಅನುಮಾನವಿಲ್ಲ. ಅದು ಅವರಿಗೆ ಗೊತ್ತಿದ್ದು ಹೋದರೋ, ನಾನು ಹೊತ್ತಿಸಿದ ಹೆದರಿಕೆಯನ್ನು ಹೊತ್ತುಕೊಂಡು ಹೋದರೋ? ಇದನ್ನು ಹೆಂಡತಿಗೆ ಹೇಗೆ ಹೇಳಲಿ?

ನಾಲ್ಕನೆಯ ದಿನ ಸಿಸ್ಟರ ಮಗಳು ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಸತ್ಯವೇದ.

‘ಅವ್ವ ಹೇಳಿದ್ಲು ಕಾಕಾ, ಇದನ್ನ ಕಂಪೌಂಡರಗ ಕೊಡು, ಅವ ಕೇಳಲಾರದ ಹೋಗ್ತಾನ ಅಂತ. ಏನಂತ ತಿಳೀಲಿಲ್ಲ ನನಗ.’

ಮೊದಲ ಹಾಳೆ ತೆಗೆದೆ. ಅಳಿಸಿ ಅಳಿಸಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಮಾನ್ವಿ, ದೇವದುರ್ಗ, ಶಕ್ತಿನಗರ, ರಾಯಚೂರು, ಎಲ್ಲ ತಾರೀಖುಗಳ ಗೀರು ಮಸುಕಾಗಿ ಒಂದರ ಮೇಲೊಂದು ಉಳಿದಿದ್ದವು. ಅವುಗಳ ಕೆಳಗೆ ನೀಲಿ ಪೆನ್ನಿನಲ್ಲಿ, ಒತ್ತಿ ಬರೆದ, ಅಳಿಸಲು ಬಾರದ ಮೂರು ಸಾಲು. ಅದೇ ಚೀಟಿಯ ಕೈಬರಹ. ಪಕ್ಕದಲ್ಲಿ ಬರೆದ ವರ್ಷ, ಆ ಮುದುಕಿ ನನ್ನನ್ನು ಬೈದುಹೋದ ವರ್ಷವೇ.

‘ಇದು ಅವ್ವನ ಸರ್ವಿಸ್ ಬುಕ್ಕಿನ ತಾರೀಖಲ್ಲೇನು ಕಾಕಾ? ಇಲ್ಲ್ಯಾಕ ಬರದಾಳ? ಉಳಿದದ್ದು ಓದ್ರಿ ಸ್ವಲ್ಪ, ಕನ್ನಡಕ ತಂದಿಲ್ಲ ನಾ.’

ನಾನು ಎದ್ದು ನಿಂತು ಓದಿದೆ. ನನಗೇ ಗೊತ್ತಿಲ್ಲದಂತೆ ದನಿ ಏರಿತ್ತು. ಒಲೆಯ ಮುಂದಿದ್ದ ಹೆಂಡತಿ ಗಾಬರಿಯಾಗಿ ಹೊರಗೆ ಬಂದಳು.

‘ಹುಟ್ಟಿದ ತಾರೀಖು, ಜೂನ್ ಒಂದು! ವೇಳೆ, ಹಡೆದಾತನಿಗೆ ಗೊತ್ತು! ಕೂಸು ಕ್ಷೇಮ!’

‘ಅಷ್ಟು ಜೋರಾಗಿ ಯಾಕ ಓದ್ತೀರಿ ಕಾಕಾ?’ ಅಂದಳು ಮಗಳು.

‘ಬರಕೊಳ್ಳೋರಿಗೆ ಕೇಳಬೇಕಲ್ಲವ್ವಾ,’ ಅಂದೆ.